ಸಂಸ್ಥಾಪಕ ಸಂಪಾದಕ (ಪ್ರಭಾರ)

ಜೂನ್ ೧೦, ಸೋಮವಾರ

ಇವತ್ತು ಅಧ್ಯಕ್ಷರು ಕರೆಸಿದ್ದರು. ಅಧ್ಯಕ್ಷರೆಂದರೆ ರಂಗಸ್ವಾಮಿಗೌಡರು. ಚನ್ನರಾಯಪಟ್ಟಣದಲ್ಲಿ ಅವರ ಕೊಬ್ಬರಿ ಮಂಡಿ, ಹಾಸನದಲ್ಲಿ ನಾನು ಕನ್ನಡ ಪಾಠ ಮಾಡುವ ಅವರ ಕಾಲೇಜು. ಎರಡನ್ನೂ ಒಂದೇ ದನಿಯಲ್ಲಿ ನಡೆಸುತ್ತಾರೆ. ಕಾಲೇಜುಗಳಿಗೆ ದರ್ಜೆ ಕೊಡುವ ತಂಡ ವರ್ಷದ ಕೊನೆಗೆ ಬರುತ್ತದಂತೆ. ಒಂದು ಸಂಶೋಧನಾ ಪತ್ರಿಕೆ ಇದ್ದರೆ ದರ್ಜೆ ಏರುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ.

"ಮೇಷ್ಟ್ರೆ, ಇಂಡಿಜಿನಸ್ ಸ್ಟಡೀಸು ಅಂತ ಒಂದು ಜರ್ನಲ್ ಮಾಡ್ಬುಡವ. ಈಗ ಎಲ್ಲಾ ಕಡೆ ಅದೇ ಗಾಳಿಯಂತೆ. ಮೂಲನಿವಾಸಿಗಳ ಅಧ್ಯಯನ. ಅದ್ಕೊಬ್ಬ ಸಂಸ್ಥಾಪಕ ಸಂಪಾದಕ ಬೇಕು. ನೀವೇ ಮುಂದೆ ನಿಂತ್ಕಂಡು ಉಡುಕ್ಬೇಕು" ಎಂದರು.

ಹೀಗೆ ನಾನು ಆಯ್ಕೆ ಸಮಿತಿಯ ಸಂಚಾಲಕನಾದೆ. ಮನೆಗೆ ಬಂದು ಹೇಳಿದರೆ ಶಾಂತಕುಮಾರಿ, "ಹಾಗಾದ್ರೆ ನೀವೇ ಆಗ್ಬಹುದಲ್ಲ" ಎಂದಳು. ನಕ್ಕುಬಿಟ್ಟೆ. ಇಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಗೆ ನನ್ನ ಪರಿಚಯವಾಗಿಲ್ಲ. ಕುರ್ಚಿ ಹಿಡಿಯುವ ಜಾತಿಯವನಲ್ಲ ನಾನು.

ಆ ಕೆಲಸಕ್ಕೆ ಈ ಜಿಲ್ಲೆಯಲ್ಲಿ ಒಬ್ಬಳೇ ಇದ್ದಾಳೆ, ಬಿಂದುಶ್ರೀ. ನನ್ನ ಕೈಕೆಳಗೇ ಪಿಎಚ್‌.ಡಿ ಮಾಡಿದವಳು. ದೇವರ ಮುಂದೆ ತಮಟೆ ಬಡಿಯುವವರಿಗೆ ಆ ದೇವರ ಮೇಲೆ ಎಷ್ಟು ಹಕ್ಕಿದೆ ಎಂಬುದನ್ನು ಅರಕಲಗೂಡು ಸೀಮೆಯ ಹಳ್ಳಿಹಳ್ಳಿ ಸುತ್ತಿ ಬರೆದಳು. ಅವಳ ಲೇಖನಗಳನ್ನು ದೆಹಲಿಯವರು ಕೇಳಿ ಹಾಕಿಕೊಳ್ಳುತ್ತಾರೆ. ಇಲ್ಲಿ ಹೊಳೆನರಸೀಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ವರ್ಷಾವರ್ಷ ಹೊಸದಾಗಿ ಅರ್ಜಿ ಹಾಕಿ ಹೊಸದಾಗಿ ಅತಿಥಿಯಾಗಬೇಕು. ಅವಳಿಗೊಂದು ನೆಲೆ ಮಾಡಿಕೊಟ್ಟರೆ ನನ್ನ ಮೇಷ್ಟ್ರಗಿರಿ ಸಾರ್ಥಕ.

ಜೂನ್ ೧೪, ಶುಕ್ರವಾರ

ಜಾಹೀರಾತಿನ ಕರಡು ಹಿಡಿದು ಮಂಡಿಗೇ ಹೋದೆ. ಗೌಡರು ಕೊಬ್ಬರಿ ರಾಶಿಯ ಪಕ್ಕ ಕೂತು ಓದಿಸಿಕೊಂಡರು.

"ಇಂಡಿಜಿನಸ್ ಅಂದ್ರೆ ಮೊದ್ಲಿಂದ ಇಲ್ಲೇ ಇರೋರು ತಾನೆ? ಅಂಗಾರೆ ನಾವೇ ಕಣ್ರೀ! ನಮ್ ಮುತ್ತಾತನ ಕಾಲ್ದಿಂದ ನುಗ್ಗೇಹಳ್ಳಿ ಪಕ್ಕದಾಗೆ ಅದೇ ತ್ವಾಟ."

ಹಾಗಲ್ಲ, ನೆಲ ಕಳೆದುಕೊಂಡವರು, ಊರ ಹೊರಗೆ ಉಳಿದವರು, ಅವರ ತಿಳಿವಳಿಕೆ, ಅವರ ಹಾಡು-ಪಾಡು ಎಂದು ಬಿಡಿಸಿ ಹೇಳಿದೆ.

"ನಮ್ದೂ ಓಗಿಲ್ವಾ ನೆಲ? ಐವೇಗೆ ತ್ವಾಟದ ಒಂದು ಮೂಲೆ ಪೂರ್ತಿ ಓಯ್ತು."

ಹೆದ್ದಾರಿಗೆ ಹೋದ ಆ ಮೂಲೆಗೆ ಪರಿಹಾರ ಬಂದ ವಿಷಯ ನಾನು ಎತ್ತಲಿಲ್ಲ. ಇಂಥವರ ಜೊತೆ ವಾದಕ್ಕೆ ನಿಲ್ಲಬಾರದು, ಕೆಲಸ ಮಾಡಿಸಿಕೊಳ್ಳಬೇಕು. ಪತ್ರಿಕೆಗೆ 'ತಾಯಿಬೇರು' ಎಂಬ ಹೆಸರು ಮಾತ್ರ ಒಪ್ಪಿದರು. ತೆಂಗಿಗೆ ತಾಯಿಬೇರಿಲ್ಲ ಎಂದು ಮಂಡಿಯ ಗುಮಾಸ್ತ ಅಂದದ್ದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಜೂನ್ ೨೧, ಶುಕ್ರವಾರ

ಬಿಂದುಶ್ರೀಗೆ ಫೋನ್ ಮಾಡಿದೆ. ಸಂತೋಷಪಟ್ಟಳು, ಆದರೆ ಅನುಮಾನ ಅವಳ ಹುಟ್ಟುಗುಣ. "ಸಾರ್, ಇದು ಆಗುತ್ತಾ? ಈ ಸಲದ ಅತಿಥಿ ಉಪನ್ಯಾಸಕರ ಅರ್ಜಿನೂ ಹಾಕಿರ್ಲಾ?" ಎಂದಳು.

ಬೇಡ ಎಂದೆ. ಅಲ್ಲೊಂದು ಕಾಲು ಇಲ್ಲೊಂದು ಕಾಲು ಇಟ್ಟವಳನ್ನು ಅಧ್ಯಕ್ಷರು ನಂಬುವುದಿಲ್ಲ. "ನಾನಿದ್ದೀನಲ್ಲ ಕಣಮ್ಮ" ಎಂದೆ. ಹಾಗೆ ಹೇಳುವಾಗ ನನಗೇ ಎದೆ ತುಂಬಿ ಬಂತು.

ಜುಲೈ ೧, ಸೋಮವಾರ

ಅರ್ಜಿಗಳು ಬಂದಿವೆ. ಒಬ್ಬರು ನಾಟಿ ಹಸು ಸಾಕುತ್ತಾರೆ, ಹಸುವಿನ ಫೋಟೋ ಲಗತ್ತಿಸಿದ್ದಾರೆ, ಅವರದ್ದು ಲಗತ್ತಿಸಿಲ್ಲ. ಇನ್ನೊಬ್ಬರು ಹೇಮಾವತಿ ನದಿ ಇತ್ತ ಹರಿದು ಬರುವ ಮೊದಲೇ ತಮ್ಮ ವಂಶದವರು ಇಲ್ಲಿದ್ದರೆಂದು ಸಾಧಿಸಿದ್ದಾರೆ. ಸಹಕಾರ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರೊಬ್ಬರು ತಮ್ಮ ಚುಟುಕಗಳನ್ನೆಲ್ಲ ಕಳಿಸಿ, ಯಾವುದಾದರೂ ಹುದ್ದೆ ಸಾಕು ಎಂದು ಬರೆದಿದ್ದಾರೆ. ಈ ಗುಂಪಿನಲ್ಲಿ ಬಿಂದುಶ್ರೀಯ ಅರ್ಜಿ ಎದ್ದು ಕಾಣುತ್ತದೆ. ಗೆದ್ದಂತೆಯೇ.

ಜುಲೈ ೪, ಗುರುವಾರ

ಸಂದರ್ಶನ ಮುಗಿಯಿತು. ಸಮಿತಿಯಲ್ಲಿ ಗೌಡರು, ನಾನು ಮತ್ತು ಮೈಸೂರಿನಿಂದ ಕರೆಸಿದ ವಿಷಯತಜ್ಞರು. ವಿಷಯತಜ್ಞರು ಹೊಟ್ಟೆ ತುಂಬ ಇಡ್ಲಿ ತಿಂದು ಬಂದಿದ್ದರಿಂದ ವಿಷಯದ ತಂಟೆಗೆ ಹೋಗಲಿಲ್ಲ.

ನಮ್ಮ ಕಡೆ ಜಾತಿ ಕೇಳುವಷ್ಟು ಒರಟರು ಯಾರೂ ಇಲ್ಲ. ಮೊದಲು ಯಾವೂರು ಅನ್ನುತ್ತೇವೆ. ಆಮೇಲೆ ಏನು ಬೆಳೆಯುತ್ತೀರಿ ಅನ್ನುತ್ತೇವೆ. ಕೊನೆಗೆ ಮನೆದೇವರು ಯಾವುದು ಅನ್ನುತ್ತೇವೆ. ಅಷ್ಟಕ್ಕೂ ತಿಳಿಯದಿದ್ದರೆ ಕೇಳಿದವನೇ ದಡ್ಡ. ಗೌಡರು ಈ ವಿದ್ಯೆಯಲ್ಲಿ ಪಳಗಿದವರು. ನನಗೆ ಇದೆಲ್ಲ ಹೇಸಿಗೆ.

ಬಿಂದುಶ್ರೀ ಚೆನ್ನಾಗಿ ಮಾತಾಡಿದಳು. "ಲೇಖನ ಬಂದ್ರೆ ಬರೆದವರ ಹೆಸರು, ಊರು ತೆಗೆದು ಇಬ್ಬರು ಪರೀಕ್ಷಕರಿಗೆ ಕಳಿಸ್ತೀವಿ ಸಾರ್. ಯಾರು ಬರೆದಿದ್ದು ಅಂತ ಅವರಿಗೆ ಗೊತ್ತಾಗಬಾರದು."

ಗೌಡರು ನಿಜವಾಗಿಯೂ ಬೆರಗಾದರು. "ಎಸ್ರೂ ಗೊತ್ತಿಲ್ದೆ ಊರೂ ಗೊತ್ತಿಲ್ದೆ ಬರಹ ಎಂಗೈತೆ ಅಂತ ಯೋಳೋದು ಎಂಗವ್ವಾ?"

ಆಮೇಲೆ ತಮಗೆ ಗೊತ್ತಿರುವ ವಿಷಯಕ್ಕೆ ಬಂದರು. "ಅದಿರ್ಲಿ, ಯಾವ್ ಕಡೆ ನಿಂದು?"

"ಅರಕಲಗೂಡು ಹತ್ರ ಸಾರ್."

"ಏನ್ ಬೆಳೀತೀರಿ?"

"ಶುಂಠಿ ಹಾಕಿದೀವಿ ಸಾರ್, ಗುತ್ತಿಗೆಗೆ..."

"ಶುಂಠಿ! ಭಲೇ. ನಿಮ್ಮಪ್ಪನ ಎಸ್ರು?"

"ಕೀರ್ತಿರಾಜ್."

"ಮನೆದೇವ್ರು ಯಾವ್ದವ್ವ?"

ಅವಳು ನನ್ನ ಮುಖ ನೋಡಿದಳು. "ಅಜ್ಜಿ ಬೆಟ್ಟದ ಭೈರಪ್ಪನಿಗೆ ನಡ್ಕೊಳ್ತಾರೆ ಸಾರ್. ನಾವು ಅಪ್ಪನ ಕಾಲದಿಂದ..."

ಗೌಡರು ಮೇಜು ಕುಟ್ಟಿದರು. "ಅಯ್ಯೋ, ನಮ್ದೂ ಅದೇ ದೇವ್ರು ಕಣವ್ವ! ನಮ್ ಒಕ್ಕಲೇ ನೀವು!"

ಅವಳ ವಾಕ್ಯದ ಉಳಿದರ್ಧ ನನಗೆ ಗೊತ್ತಿತ್ತು. ಅಪ್ಪನ ಕಾಲದಿಂದ ಅವರು ಬೌದ್ಧರು. ಬೆಟ್ಟದ ಭೈರಪ್ಪನಿಗೆ ಎಲ್ಲ ಕೇರಿಯವರೂ ಒಕ್ಕಲು ಎಂಬುದೂ ಗೊತ್ತಿತ್ತು. ಉತ್ಸವದಲ್ಲಿ ಗೌಡರ ಕಡೆಯವರು ದೇವರ ಅಡ್ಡೆ ಹೊರುತ್ತಾರೆ, ಇವಳ ಕಡೆಯವರು ಮುಂದೆ ತಮಟೆ ಬಡಿಯುತ್ತಾರೆ. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು, "ಪತ್ರಿಕೆಯನ್ನು ಅಂತರ್ಜಾಲದಲ್ಲೂ ಹಾಕುವ ಯೋಚನೆ ಇದೆಯೇ?" ಎಂದು ಕೇಳಿದೆ. ಸಮಯಕ್ಕೆ ಸರಿಯಾಗಿ ಹೊಳೆಯಿತು.

ಅವಳು ಹೋದ ಮೇಲೆ ಗೌಡರು, "ಉಡುಗಿ ಚಿನ್ನ ಕಣ್ರೀ. ಮಾತ್ನಾಗೆ ಏನ್ ಸಂಸ್ಕಾರ! ನಮ್ಮೋರ್ ಮಕ್ಳೇ ಅಂಗೆ" ಎಂದು ಸಹಿ ಹಾಕಿದರು. ವಿಷಯತಜ್ಞರು ಎಚ್ಚರಗೊಂಡು ತಾವೂ ಹಾಕಿದರು.

ನಾನು ಒಂದೂ ಸುಳ್ಳು ಹೇಳಲಿಲ್ಲ. ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಜುಲೈ ೮, ಸೋಮವಾರ

ಆಷಾಢ ಶುರುವಾಗಿದೆ. ಆಷಾಢದಲ್ಲಿ ಆದೇಶ ಕೊಡುವುದಿಲ್ಲ, ಶ್ರಾವಣ ಬರಲಿ ಎಂದರು ಗೌಡರು. ಮೂಲನಿವಾಸಿ ಅಧ್ಯಯನಕ್ಕೂ ಆಷಾಢಕ್ಕೂ ಏನು ಸಂಬಂಧ ಎಂದು ಕೇಳಬೇಕೆನಿಸಿತು.

ಜುಲೈ ೨೭, ಶನಿವಾರ

ಸಂಬಂಧ ಇವತ್ತು ತಿಳಿಯಿತು. ಗೌಡರಿಗೆ ಒಬ್ಬ ಅಕ್ಕನ ಮಗ, ನಿಸರ್ಗ ಅಂತ. ಹೊಳೆನರಸೀಪುರದಲ್ಲಿ ಟ್ರ್ಯಾಕ್ಟರ್ ಮಾರುತ್ತಾನೆ. "ಡಾಕ್ಟ್ರೇಟ್ ಆದ ಉಡುಗಿ, ಶುಂಠಿ ಜಮೀನು, ಒಂದೇ ದೇವ್ರು. ಇನ್ನೇನ್ ಬೇಕು? ಆಷಾಢ ಕಳೆದೇಟ್ಗೆ ಆದೇಶನೂ ಕೊಟ್ಟಂಗಾಯ್ತು, ಎಣ್ಣೂ ನೋಡ್ದಂಗಾಯ್ತು. ನೀವೂ ಬನ್ನಿ ಮೇಷ್ಟ್ರೆ" ಎಂದರು.

ರಾತ್ರಿ ಊಟಕ್ಕೆ ಕೂತಾಗ ಶಾಂತಕುಮಾರಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. "ರೀ, ನಾಳೆನೇ ಹೋಗಿ ಹೇಳ್ಬಿಡಿ. ಅವರ ಮನೆ ಬಾಗಿಲಿಗೆ ಹೋಗಿ ಅವಮಾನ ಮಾಡಿ ಬರ್ತಾರೆ."

ಹೇಗೆ ಹೇಳಲಿ? ಜಾತಿ ಎತ್ತುವುದು ನನ್ನ ಸ್ವಭಾವವಲ್ಲ. ಜೀವಮಾನದಲ್ಲಿ ಎತ್ತದವನು ಈಗ ಎತ್ತಿದರೆ ನನ್ನ ಸಿದ್ಧಾಂತ ಏನಾಗಬೇಕು? ಮನೆಗೆ ಹೋಗಿ ಕೂತು ನಾಲ್ಕು ಮಾತಾಡಿದರೆ ಗೌಡರೂ ಮನುಷ್ಯರೇ, ಕರಗುತ್ತಾರೆ.

ಸಂಜೆ ಬಿಂದುಶ್ರೀ ಫೋನ್ ಮಾಡಿದ್ದಳು. ಅತಿಥಿ ಉಪನ್ಯಾಸಕರ ಅರ್ಜಿಗೆ ಸೋಮವಾರ ಕೊನೆಯಂತೆ. ಅಧ್ಯಕ್ಷರೇ ನಿಮ್ಮ ಮನೆಗೆ ಬಂದು ಆದೇಶ ಕೊಡುತ್ತಾರೆ, ನಿಶ್ಚಿಂತೆಯಿಂದಿರು ಎಂದೆ. "ಮನೆಗಾ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ಅಜ್ಜಿಗೆ ತುಂಬಾ ಖುಷಿಯಾಗುತ್ತೆ ಸಾರ್" ಎಂದಳು.

ಆಗಸ್ಟ್ ೧೧, ಭಾನುವಾರ

ಹೋಗಿ ಬಂದೆವು.

ಕಾರಿನ ಮುಂದಿನ ಸೀಟಿನಲ್ಲಿ ಗೌಡರು, ಹಿಂದೆ ಅವರ ಹೆಂಡತಿ ನಂಜಮ್ಮನವರು, ಪಕ್ಕದಲ್ಲಿ ನಾನು. ನಂಜಮ್ಮನವರ ತೊಡೆಯ ಮೇಲೆ ಹೂವು, ಹಣ್ಣು, ಕಾಯಿಯ ತಟ್ಟೆ. ಆದೇಶದ ಕವರನ್ನೂ ಹೂವಿನ ಪಕ್ಕದಲ್ಲೇ ಸಿಕ್ಕಿಸಿದ್ದರು. ಊರಮುಂದಿನ ಅರಳಿಕಟ್ಟೆಯಲ್ಲಿ ಕೀರ್ತಿರಾಜ್ ಮನೆ ಕೇಳಿದೆವು. ಕೂತವನೊಬ್ಬ ಎದ್ದೂ ಏಳದೆ ಊರಾಚೆಗೆ ಕೈ ತೋರಿಸಿದ. ಕಾರು ಊರು ದಾಟಿತು. ಗೌಡರ ಕುತ್ತಿಗೆ ಹಿಂದಿನಿಂದಲೇ ಬಿಗಿಯಾದದ್ದು ಕಂಡಿತು.

"ಇತ್ತಗ್ಯಾಕೆ ಬಂದೋ?" ಎಂದರು ನಂಜಮ್ಮನವರು.

ಒಳ್ಳೆಯ ಮನೆ, ಹೊಸದಾಗಿ ಸುಣ್ಣ ಹೊಡೆದಿದ್ದರು, ನಮಗಾಗಿಯೇ ಇರಬೇಕು. ನಂಜಮ್ಮನವರು ಕಾರಿನಿಂದ ಇಳಿಯಲಿಲ್ಲ. ಗೌಡರು ಜಗಲಿಯ ಕುರ್ಚಿಯ ತುದಿಯಲ್ಲಿ ಕೂತು ಎದುರು ಗೋಡೆ ನೋಡಿದರು. ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ.

"ದೇವ್ರು ಬದಲಾಯಿಸ್ಬುಟ್ರಾ?" ಎಂದರು.

"ಬದಲಾಯಿಸಿಲ್ಲ ಸಾರ್, ಬಿಟ್ವಿ" ಎಂದರು ಕೀರ್ತಿರಾಜ್, ಕೈ ಕಟ್ಟದೆ ನಿಂತು.

ಅಷ್ಟರಲ್ಲಿ ಅಜ್ಜಿ ಮಾದಮ್ಮ ಹೊಸ ಸೀರೆ ಉಟ್ಟು ಕಾಫಿ ತಂದರು. "ನಾನ್ ಬುಟ್ಟಿಲ್ಲ ಕಣಪ್ಪ. ಭೈರಪ್ಪನ್ ಮುಂದೆ ತಮಟೆ ಬಡ್ದೋನ್ ಎಂಡ್ತಿ ನಾನು. ನಿಮ್ದೂ ಅದೇ ದೇವ್ರಂತಲ್ಲ, ನಮ್ ಮೊಮ್ಮಗ್ಳು ಯೋಳ್ತು. ಕುಡೀರಪ್ಪ, ಆರೋಗ್ತದೆ."

ಗೌಡರು ಬಾರದ ಫೋನನ್ನು ಕಿವಿಗಿಟ್ಟುಕೊಂಡರು. "ಅಲೋ... ಈಗ್ಲೇ ಬರ್ಬೇಕಾ?... ಬಂದೆ" ಎಂದು ಎದ್ದುಬಿಟ್ಟರು. ನಾನು ಒಂದು ಗುಟುಕು ಕುಡಿದೆ. ಹಾರ್ನ್ ಆಯಿತು. ಲೋಟ ಅಲ್ಲೇ ಇಟ್ಟೆ. ಬಿಂದುಶ್ರೀ ಬಾಗಿಲಲ್ಲಿ ನಿಂತು ಕಾರಿನೊಳಗಿನ ಹೂವಿನ ತಟ್ಟೆ ನೋಡುತ್ತಿದ್ದಳು. ಅದು ಏಕೆ ಬಂದಿತ್ತು ಎಂದು ಅವಳಿಗೆ ಆಗ ಹೊಳೆದಿರಬೇಕು. ಮಾದಮ್ಮ ತುಂಬಿದ ಲೋಟ ಹಿಡಿದು ಅಂಗಳದವರೆಗೂ ಬಂದರು.

ಹಾಸನ ಹತ್ತಿರ ಬಂದಾಗ ಗೌಡರು ಕೇಳಿದರು: "ನಿಮ್ಗೆ ಗೊತ್ತಿತ್ತಾ ಮೇಷ್ಟ್ರೆ?"

"ನಾನು ಯಾರ ಜಾತೀನೂ ಕೇಳೋದಿಲ್ಲ ಗೌಡ್ರೆ" ಎಂದೆ. ಇದಕ್ಕಿಂತ ದಿಟ್ಟ ಉತ್ತರ ಅಲ್ಲಿ ಇನ್ಯಾರೂ ಕೊಡಲಾರರು.

ಆಗಸ್ಟ್ ೧೪, ಬುಧವಾರ

"ಉಡುಗಿಗೆ ಅನುಭವ ಸಾಲ್ದು" ಎಂದರು ಗೌಡರು. "ಜಾತಿ ಗೀತಿ ಅಂತ ತಿಳ್ಕಬೇಡಿ. ನಾನ್ ಅಂತೋನಲ್ಲ. ನಮ್ ತ್ವಾಟಕ್ಕೆ ಬರೋರೆಲ್ಲ ಅವ್ರೇ."

ದನಿ ಏರಿಸಿ ವಾದಿಸಿದೆ. ಏರಿಸಬೇಕೆಂದಿದ್ದೆ, ಆದರೆ ಹೊರಗೆ ಜವಾನ ನಿಂತಿದ್ದ.

"ಅಂಗಾರೆ ನೀವೇ ಕೂತ್ಕಳಿ. ಸದ್ಯಕ್ಕೆ ಪ್ರಭಾರ ಅಂತ. ಇಲ್ದಿದ್ರೆ ಆ ಅಸುವಿನೋನ್ಗೆ ಕೊಡ್ತೀನಿ."

ಸಾಧ್ಯವೇ ಇಲ್ಲ ಎಂದೆ. ನಾಳಿದ್ದು ತಿಳಿಸುತ್ತೇನೆ ಎಂದೂ ಹೇಳಿದೆ.

ಆಗಸ್ಟ್ ೧೭, ಶನಿವಾರ

ಒಪ್ಪಿಕೊಂಡೆ. ಬೇರೆ ದಾರಿಯಿರಲಿಲ್ಲ. ನಾಟಿ ಹಸುವಿನವರ ಕೈಗೆ ಪತ್ರಿಕೆ ಸಿಕ್ಕಿದರೆ ಬಿಂದುಶ್ರೀಗೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ನಾನು ಕೂತರೆ ಅದು ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ಅವಳಿಗಾಗಿ ಕಾದಿರಿಸಿದ ಹಾಗೆ.

ಇದನ್ನೇ ಶಾಂತಕುಮಾರಿಗೆ ಹೇಳಿದೆ. "ಟವೆಲ್ ಹಾಕೋರು ತಾವು ಕೂತ್ಕೊಳ್ಳೋಕೆ ತಾನೆ ಹಾಕೋದು?" ಎಂದಳು. ಅವಳಿಗೆ ಸಾರ್ವಜನಿಕ ಜೀವನ ಅರ್ಥವಾಗುವುದಿಲ್ಲ.

ಸೆಪ್ಟೆಂಬರ್ ೨, ಸೋಮವಾರ

ಕೊಠಡಿ ಸಿದ್ಧವಾಗಿದೆ. ತಿರುಗುವ ಕುರ್ಚಿ, ಸೊಂಟಕ್ಕೆ ಹಿತ. ಬಾಗಿಲಿಗೆ ಬೋರ್ಡು ಬರೆಯುವವನು ಬಂದಿದ್ದ. ಹೆಸರಿನ ಹಿಂದೆ ಮುಂದೆ ಇರಬೇಕಾದದ್ದೆಲ್ಲ ಸೇರಿಸಿ, 'ಸಂಸ್ಥಾಪಕ ಸಂಪಾದಕರು' ಎಂದು ಬರೆಯುವಷ್ಟರಲ್ಲಿ 'ಪ್ರಭಾರ'ಕ್ಕೆ ಜಾಗ ಸಾಲಲಿಲ್ಲ. ಅಕ್ಷರ ಚಿಕ್ಕದು ಮಾಡಲಾ ಸಾ ಎಂದ. ಬೋರ್ಡಿನ ಅಂದ ಕೆಡುತ್ತದೆ, ಇರಲಿ ಬಿಡಪ್ಪ ಎಂದೆ.

ಅತಿಥಿ ಉಪನ್ಯಾಸಕರ ಪಟ್ಟಿ ಪ್ರಕಟವಾಗಿದೆ. ಅರ್ಜಿಯನ್ನೇ ಹಾಕದ ಬಿಂದುಶ್ರೀಯ ಹೆಸರು ಎಲ್ಲಿಂದ ಬರಬೇಕು? ಈ ವರ್ಷ ಅವಳಿಗೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಸಂಕಟವಾಯಿತು. ನಿಜವಾಗಿಯೂ ಆಯಿತು, ಮಧ್ಯಾಹ್ನ ಊಟ ಸೇರಲಿಲ್ಲ. ಅವಳು ಕೆಲವು ಸಲ ಫೋನ್ ಮಾಡಿದ್ದಳು. ಹೊಸ ಜವಾಬ್ದಾರಿಯ ಗಡಿಬಿಡಿಯಲ್ಲಿ ತೆಗೆಯಲಾಗಲಿಲ್ಲ. ಈಗ ಅವಳೂ ಮಾಡುತ್ತಿಲ್ಲ.

ಸೆಪ್ಟೆಂಬರ್ ೧೯, ಗುರುವಾರ

ಲೇಖನಗಳೇ ಇಲ್ಲ. ನಾಟಿ ಹಸುವಿನವರು ಹಸುವಿನ ಮೇಲೆ ಬರೆದಿದ್ದಾರೆ. ಗೌಡರು 'ಚನ್ನರಾಯಪಟ್ಟಣ ಸೀಮೆಯ ನಿಜವಾದ ಮೂಲನಿವಾಸಿಗಳು' ಎಂದು ಯಾರಿಂದಲೋ ಬರೆಸಿ, ತಮ್ಮ ಮುತ್ತಾತನ ಚಿತ್ರದೊಂದಿಗೆ ಕಳಿಸಿದ್ದಾರೆ. ಹೆಸರು, ಊರು ತೆಗೆದು ಪರೀಕ್ಷಕರಿಗೆ ಕಳಿಸಬೇಕಲ್ಲ ಎಂದರೆ, "ಎಸ್ರು ತಗದ್ರೆ ಅದ್ರಾಗೆ ಇನ್ನೇನೈತ್ರೀ?" ಎಂದರು. ಅಂಥ ಸತ್ಯವನ್ನು ಅವರು ಆಡಿದ್ದು ಇದೇ ಮೊದಲು.

ದರ್ಜೆ ಕೊಡುವ ತಂಡ ಅಕ್ಟೋಬರಿನಲ್ಲೇ ಬರುತ್ತದಂತೆ. ಪತ್ರಿಕೆ ಕಟ್ಟುವ ಕೆಲಸ ಬಲ್ಲವಳು ಒಬ್ಬಳೇ. ಬಿಂದುಶ್ರೀಯನ್ನು ಸಹಾಯಕ ಸಂಪಾದಕಿ ಮಾಡಿಕೊಳ್ಳುತ್ತೇನೆ ಎಂದು ಗೌಡರ ಮುಂದೆ ಪಟ್ಟು ಹಿಡಿದೆ. "ಕೆಲ್ಸ ಬೇಕಾರೆ ಮಾಡ್ಲಿ. ಎಸ್ರು ಒಳಗಿನ್ ಪುಟದಾಗೆ ಸಣ್ಣುಕ್ಕಿರ್ಲಿ" ಎಂದು ಒಪ್ಪಿದರು. ಹೋರಾಡಿ ಗಳಿಸಿದ ಗೆಲುವು ಇದು. ಅವಳ ಮುಖ ಅರಳುವುದನ್ನು ನೋಡಬೇಕು.

ಸೆಪ್ಟೆಂಬರ್ ೨೯, ಭಾನುವಾರ

ಅರಕಲಗೂಡಿನವರೆಗೆ ಬಸ್ಸು, ಅಲ್ಲಿಂದ ಆಟೋ. ಮನೆಯವರೆಲ್ಲ ಶುಂಠಿ ಕೀಳಲು ಹೋಗಿದ್ದರು. ಬಿಂದುಶ್ರೀಯೂ ಕಾಲೆಲ್ಲ ಮಣ್ಣು ಮಾಡಿಕೊಂಡು ಹೊಲದಿಂದ ಬಂದಳು. ಡಾಕ್ಟರೇಟ್ ಮಾಡಿದ ಹುಡುಗಿ. ನೋಡಿ ಕರುಳು ಚುರ್ರೆಂದಿತು.

ಮಾದಮ್ಮ ಕಾಫಿ ಕೊಟ್ಟರು. ಪೂರ್ತಿ ಕುಡಿದೆ. ಕೇಳಿ ಇನ್ನೊಂದು ಲೋಟ ಹಾಕಿಸಿಕೊಂಡು, ಎಲ್ಲರಿಗೂ ಕಾಣುವಂತೆ ಜಗಲಿಯಲ್ಲಿ ಕೂತು ಅದನ್ನೂ ಕುಡಿದೆ. ನಾನು 'ಅಂಥವನಲ್ಲ' ಎಂಬುದು ಬಾಯಲ್ಲಿ ಹೇಳುವ ವಿಷಯವಲ್ಲ, ನಡೆಯಲ್ಲಿ ತೋರಿಸಬೇಕು.

ಆಮೇಲೆ ಸಹಾಯಕ ಸಂಪಾದಕಿಯ ವಿಷಯ ಹೇಳಿದೆ. ಅವಳು ಕೈಯ ಮಣ್ಣು ಉಜ್ಜಿಕೊಳ್ಳುತ್ತ ಕೇಳಿಸಿಕೊಂಡಳು.

"ಸಾರ್, ಅವ್ರು ನಮ್ಮನ್ನ ಯಾರು ಅಂತ ತಿಳ್ಕೊಂಡು ಬರ್ತಿದ್ದಾರೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ. ನಿನ್ನ ಒಳ್ಳೇದಕ್ಕೇ ಸುಮ್ಮನಿದ್ದೆ."

"ಸಂದರ್ಶನದಲ್ಲಿ ನಾನೇ ಹೇಳೋಕೆ ಹೋದ್ರೆ ತಡೆದ್ರಿ."

"ಅದೂ ನಿನ್ನ ಒಳ್ಳೇದಕ್ಕೇ."

"ನಾನು ಬಚ್ಚಿಟ್ಕೊಂಡು ಕೆಲ್ಸ ತಗೋಬೇಕು ಅಂತ ಯಾವತ್ತೂ ಇರ್ಲಿಲ್ಲ ಸಾರ್. ಹೇಳಿ ಕಳ್ಕೊಂಡಿದ್ರೆ ಹೊಳೆನರಸೀಪುರದ್ದಾದ್ರೂ ಉಳೀತಿತ್ತು. ಅಜ್ಜಿ ಅವತ್ತಿಂದ ಮನೆಗೆ ಯಾರು ಬಂದ್ರೂ ಕಾಫಿ ಕೊಡ್ಲಾ ಬೇಡ್ವಾ ಅಂತ ನನ್ನ ಕೇಳುತ್ತೆ."

ನಾನು ಲೋಟ ಎತ್ತಿ ತೋರಿಸಿದೆ. "ನಾನು ಕುಡಿದೆನಲ್ಲಮ್ಮ."

"ಹೌದು ಸಾರ್. ಗೌಡ್ರು ಕಾಫಿ ಕುಡೀದೆ ಹೋಗಿ ನನ್ ಕೆಲ್ಸ ತಪ್ಪಿಸಿದ್ರು. ನೀವು ಕಾಫಿ ಕುಡ್ಕೊಂಡೇ ಅದನ್ನ ತಗೊಂಡ್ರಿ. ನಮ್ಮಜ್ಜಿಗೆ ಎರಡು ಸಲವೂ ಹಾಲು ದಂಡ."

ಕೂಗಲಿಲ್ಲ, ಅಳಲಿಲ್ಲ. ಬಸ್ಸಿನ ಹೊತ್ತಾಯಿತು, ಹೊರಡಿ ಸಾರ್ ಎಂದಳು. ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುವುದು ಅವಳ ವಾಡಿಕೆ. ಇವತ್ತು ಮಾಡಲಿಲ್ಲ. ಕೈ ಮಣ್ಣಾಗಿತ್ತಲ್ಲ, ಅದಕ್ಕೇ ಇರಬೇಕು.

ಸೆಪ್ಟೆಂಬರ್ ೩೦, ಸೋಮವಾರ

ಬೆಳಗಿನಿಂದ ಕೊಠಡಿಯಲ್ಲಿ ಕೂತು ಮೊದಲ ಸಂಚಿಕೆಯ ಸಂಪಾದಕೀಯ ಬರೆಯಲು ಹೆಣಗಿದೆ. ಪೆನ್ನು ಹಿಡಿದಾಗಲೆಲ್ಲ ಬಿಂದುಶ್ರೀ ನಿನ್ನೆ ಆಡಿದ ಮಾತು ಕಿವಿಗೆ ಬರುತ್ತಿತ್ತು, ಅವಳು ಹೊಸ್ತಿಲ ಆಚೆಯೇ ನಿಂತು ಮಾತಾಡುತ್ತಿರುವಷ್ಟು ಸ್ಪಷ್ಟವಾಗಿ. ಒಂದು ಸಾಲೂ ಬರೆಯಲು ಬಿಡಲಿಲ್ಲ. ಮಧ್ಯಾಹ್ನ ಎದ್ದು ಬಾಗಿಲು ಹಾಕಿ ಚಿಲಕ ಜಡಿದುಕೊಂಡು ಬಂದು ಕೂತೆ. ಆಮೇಲೆ ಮೊದಲ ವಾಕ್ಯ ತಾನಾಗಿ ಬಂತು: "ದನಿಯಿಲ್ಲದವರಿಗೆ ದನಿಯಾಗುವುದೇ ಈ ಪತ್ರಿಕೆಯ ಏಕೈಕ ಉದ್ದೇಶ."